ಕುರಿಗೆ ಬಂದ ಕ್ವಾಲಂಡನ್

ಮೂವತ್ತೊಂದು ವರ್ಷ ಪೋಲ್ಗಾರಾ ಊರಿನ ಶಾಲಾ ಬಸ್ಸು ಓಡಿಸಿದ್ದ ಕ್ಲೆಮ್ ಟ್ರೆವಾರ್ತಾ ಅಷ್ಟು ವರ್ಷದಲ್ಲಿ ಮಕ್ಕಳನ್ನು ಮರೆತು ಬಂದದ್ದು ನಾಲ್ಕೇ ಸಲ. ಐದನೆಯದನ್ನು ಮರೆವು ಎನ್ನಲಾಗದು. ಆ ದಿನ ಮಕ್ಕಳೆಲ್ಲ ಬಸ್ಸಿನಲ್ಲೇ ಇದ್ದರು. ಕ್ಲೆಮ್ ಅವರನ್ನು ಜೋಪಾನವಾಗಿ ಪಕ್ಕದೂರಿನ ಶಾಲೆಯ ಮುಂದೆ ಇಳಿಸಿ ಬಂದ. ಅಲ್ಲಿನ ಹೆಡ್‌ಮಾಸ್ತರರು ಮಧ್ಯಾಹ್ನದವರೆಗೆ ಹಾಜರಿ ಕೂಗಿ ಸುಸ್ತಾದರು.

ಇಂಥ ಮನುಷ್ಯನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ವಿದ್ವಾಂಸನೆಂಬ ಹೆಸರು ಬಂತು.

ಹೆಸರು ಬಂದದ್ದು ಅಕ್ಷರದಾಟದಿಂದ. ಮರದ ಬಿಲ್ಲೆಗಳ ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರ. ಅವನ್ನು ಚೌಕಳಿ ಹಲಗೆಯ ಮೇಲೆ ಜೋಡಿಸಿ ಪದ ಮಾಡಬೇಕು. ಪೋಲ್ಗಾರಾದವರು ಗುರುವಾರ ಸಂಜೆ ಐದಕ್ಕೆ ಚರ್ಚಿನ ಹಾಲಿನಲ್ಲಿ ಸೇರಿ ಇದನ್ನು ಆಡುತ್ತಿದ್ದರು. ಆಟದಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಕ್ಯೂ ಅಕ್ಷರಕ್ಕೆ. ಇಂಗ್ಲಿಷಿನಲ್ಲಿ ಕ್ಯೂ ಒಬ್ಬಂಟಿಯಾಗಿ ಹೊರಗೆ ಕಾಲಿಡುವುದು ಅಪರೂಪ. ಹಿಂದೆ ಯು ಬರಬೇಕು. ಕೈಯಲ್ಲಿ ಕ್ಯೂ ಇದ್ದು ಯು ಇಲ್ಲದವನ ಮುಖ, ಮದುಮಗಳಿಲ್ಲದೆ ಚರ್ಚಿನಲ್ಲಿ ನಿಂತ ಮದುಮಗನ ಮುಖದಂತೆ ಇರುತ್ತಿತ್ತು.

ಕ್ಲೆಮ್ ಹೆದರುವುದನ್ನು ಬಿಟ್ಟ. ಯು ಇಲ್ಲದೆಯೂ ಕ್ಯೂ ಬಾಳುವ ಪದಗಳು ಕೆಲವು ಇವೆಯೆಂದೂ, ಆಟದ ಪದಪಟ್ಟಿಯ ಪುಸ್ತಕದಲ್ಲಿ ಅವು ಅಚ್ಚಾಗಿವೆಯೆಂದೂ ಅವನಿಗೆ ತಿಳಿಯಿತು. ಮೂವತ್ತಾರು ಪದ ಆರಿಸಿ, ರಟ್ಟಿನ ಮೇಲೆ ಬರೆದು, ಬಸ್ಸಿನ ಗಾಜಿನ ಮೇಲಿನ ಬಿಸಿಲುತಡೆಗೆ ಅಂಟಿಸಿದ. ಮಕ್ಕಳು ಬಸ್ಸಿಗೆ ಹತ್ತಿ ಕೂರುವಷ್ಟು ಹೊತ್ತಿನಲ್ಲಿ ಎರಡೆರಡು ಪದ ಬಾಯಿಪಾಠ. ಚಳಿಗಾಲ ಮುಗಿಯುವ ಹೊತ್ತಿಗೆ ಮೂವತ್ತಾರೂ ನಾಲಿಗೆಯ ಮೇಲಿದ್ದವು. ಒಂದರ ಅರ್ಥವೂ ಗೊತ್ತಿರಲಿಲ್ಲ. ಪದಪಟ್ಟಿಯ ಪುಸ್ತಕದಲ್ಲಿ ಪದಗಳಷ್ಟೇ ಇರುತ್ತವೆ. ಅರ್ಥ ಕೊಡುವುದು ಆ ಪುಸ್ತಕದ ಕೆಲಸವಲ್ಲ. ಬೇರೆ ಯಾವ ಊರಿನಲ್ಲೂ ಆಟಗಾರರು ಅರ್ಥ ಕೇಳುತ್ತಿರಲಿಲ್ಲ.

ಪೋಲ್ಗಾರಾದಲ್ಲಿ ಕೇಳುತ್ತಿದ್ದರು. ಕ್ಲಬ್ಬಿನ ಅಧ್ಯಕ್ಷೆ ಮಿಸೆಸ್ ಎನಿಡ್ ಪಾಲ್ಕಿಂಗ್‌ಹಾರ್ನ್ ಊರಿನ ಅರ್ಧ ಜನಕ್ಕೆ ಪಾಠ ಹೇಳಿ ನಿವೃತ್ತರಾದವರು. ಇನ್ನರ್ಧ ಜನ ಅವರಿಗೆ ಹೆದರಿ ಬೇರೆ ಶಾಲೆ ಸೇರಿದವರು. ಅರ್ಥ ತಿಳಿಯದೆ ಪದ ಆಡುವುದು ಕಳ್ಳಮಾಲು ಮಾರಿದಂತೆ ಎಂದು ಅವರ ಅಭಿಪ್ರಾಯ. ಪದ ಇಟ್ಟವರು ಎದ್ದು ನಿಂತು ಅರ್ಥ ಹೇಳಬೇಕು, ಅವರು ಅದನ್ನು ಹಸಿರು ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಸುಳ್ಳರ್ಥ ಎಂದು ಸಾಬೀತಾದರೆ ಆ ಆಟಗಾರ ಮುಂದಿನ ವರ್ಷದವರೆಗೆ ಹಲಗೆ ಮುಟ್ಟುವಂತಿಲ್ಲ. ಆದರೆ ಹಾಲಿನಲ್ಲಿದ್ದ ನಿಘಂಟು ಶಾಲೆಯ ಹಳೆಯದು. ಕ್ಲೆಮ್‌ನ ಪದಗಳು ಅದರಲ್ಲಿ ಇರಲಿಲ್ಲ. ಸಾಬೀತು ಮಾಡುವವರು ಯಾರು?

ಮೊದಲ ವಾರ ಅವನು ಎಫ್, ಎ, ಕ್ಯೂ, ಐ, ಆರ್ ಎಂದು ಇಟ್ಟ. ಮಿಸೆಸ್ ಪಾಲ್ಕಿಂಗ್‌ಹಾರ್ನ್ ಪೆನ್ನು ಎತ್ತಿ ಅರ್ಥ ಕೇಳಿದರು. ಕ್ಲೆಮ್ ಎದ್ದ. ಗೊತ್ತಿಲ್ಲ ಎನ್ನುವ ಉದ್ದೇಶವೇ ಇತ್ತು. ಬಾಯಿ ತೆರೆದಾಗ ಕಣ್ಣು ಹಾಲಿನ ಬಾಗಿಲಿನ ಮೇಲೆ ಬಿತ್ತು.

"ಫೇಕರ್. ಕೊಟ್ಟಿಗೆ ಬಾಗಿಲಿಗೆ ಹಾಕೋ ಒಂಥರಾ ಚಿಲಕ," ಎಂದ.

ಹಸಿರು ಪುಸ್ತಕದಲ್ಲಿ ಚಿಲಕ ಬಿತ್ತು. ಮಿಸೆಸ್ ಪಾಲ್ಕಿಂಗ್‌ಹಾರ್ನ್ ಇಂಥವನ್ನು ಊರಿನ ನಾಲ್ಕು ಪುಟದ ವಾರಪತ್ರಿಕೆಯಲ್ಲಿ 'ವಾರದ ಪದ' ಎಂದು ಅಚ್ಚು ಹಾಕಿಸುತ್ತಿದ್ದರು. ಎರಡು ವಾರದಲ್ಲಿ ಹಾರ್ಡ್‌ವೇರ್ ಅಂಗಡಿಯ ಕಿಟಕಿಯಲ್ಲಿ ಬೋರ್ಡು ಬಂತು: ಆರಿಂಚಿನ ಫೇಕರ್, ಒಂಬತ್ತಿಂಚಿನ ಫೇಕರ್, ತುಕ್ಕು ಹಿಡಿಯದ್ದು. ತಮ್ಮ ತಾತನ ಕಾಲದಿಂದಲೂ ತಮ್ಮ ಮನೆಯಲ್ಲಿ ಅದಕ್ಕೆ ಫೇಕರ್ ಎಂದೇ ಹೆಸರು ಎಂದು ಹೇಳುವ ರೈತರು ಮೂವರು ಸಿಕ್ಕಿದರು.

ಇದೆಲ್ಲದರಿಂದ ಹೆಚ್ಚು ಬದಲಾದವಳು ಕ್ಲೆಮ್‌ನ ಹೆಂಡತಿ ವಿನಿ. ಮೂವತ್ತು ವರ್ಷ ಅವಳು ಎಲ್ಲಿ ಹೋದರೂ 'ಮಕ್ಕಳನ್ನು ಮರೆತು ಬಂದನಲ್ಲ, ಅವನ ಹೆಂಡತಿ.' ಈಗ ಮಾಂಸದಂಗಡಿಯವನು ಸಾಲಿನಲ್ಲಿ ಅವಳನ್ನು ಮುಂದೆ ಕರೆಯುತ್ತಿದ್ದ. ಅಂಚೆಯವಳು ಪತ್ರ ಕೊಡುವಾಗ ಪದಬಂಧದ ಒಂದು ಸುಳಿವು ಕೇಳುತ್ತಿದ್ದಳು. ವಿನಿ ಮನೆಯೊಳಗೂ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಾಡತೊಡಗಿದಳು. ಒಂದು ದಿನ ಚಹಾ ಕೊಡುವಾಗ ಸುಮ್ಮನೆ, ಯಾವ ಸಂದರ್ಭವೂ ಇಲ್ಲದೆ, ಅವನ ಹೆಗಲ ಮೇಲೆ ಕೈಯಿಟ್ಟು ಹೋದಳು. ಕ್ಲೆಮ್ ಆ ಚಹಾವನ್ನು ತಣ್ಣಗಾಗುವವರೆಗೂ ಕುಡಿಯಲಿಲ್ಲ. ಆಮೇಲೆ 'ಗೊತ್ತಿಲ್ಲ' ಎಂಬ ಮಾತು ಹೇಳುವುದು ಅವನಿಗೆ ಇನ್ನೂ ಕಷ್ಟವಾಯಿತು.

ಸೆಪ್ಟೆಂಬರಿನ ಎರಡನೆಯ ಗುರುವಾರ ಅನಾಹುತ ನಡೆಯಿತು. ಹಲಗೆಯ ಮೇಲೆ ಒಂದು ಎನ್ ಇತ್ತು. ಕ್ಲೆಮ್ ತನ್ನ ಏಳೂ ಬಿಲ್ಲೆಗಳನ್ನು ಒಂದೊಂದಾಗಿ ಅದರ ಮೇಲಕ್ಕೆ ಜೋಡಿಸಿದ: ಕ್ಯೂ, ಎ, ಎಲ್, ಎ, ಎಂ, ಡಿ, ಎ. ಎಂಟಕ್ಷರದ ಪದ, ಅಂಕ ಮೂರು ಪಟ್ಟಾಗುವ ಮನೆ, ಏಳೂ ಬಿಲ್ಲೆ ಖಾಲಿ ಮಾಡಿದ್ದಕ್ಕೆ ಐವತ್ತು. ಒಟ್ಟು ನೂರಹತ್ತು ಅಂಕ. ಕ್ಲಬ್ಬು ಹುಟ್ಟಿದಾಗಿನಿಂದ ಯಾರೂ ಕಂಡಿರದ ಅಂಕ. ಪಕ್ಕದ ಮೇಜುಗಳವರು ಆಟ ಬಿಟ್ಟು ಎದ್ದು ಬಂದರು. ನವೆಂಬರಿನಲ್ಲಿ ಸುತ್ತಲಿನ ಊರುಗಳ ನಡುವೆ ನಡೆಯುವ ಪರ್ಯಾಯದ್ವೀಪ ಕಪ್ಪಿನ ಪಂದ್ಯಕ್ಕೆ ಪೋಲ್ಗಾರಾದ ಪರವಾಗಿ ಕ್ಲೆಮ್‌ನೇ ಹೋಗಬೇಕು ಎಂದು ಅಲ್ಲೇ ಯಾರೋ ಸೂಚಿಸಿದರು, ಯಾರೋ ಅನುಮೋದಿಸಿದರು. ಗೋಡೆಯ ಪಕ್ಕದಲ್ಲಿ ವಿನಿ ಕೈಚೀಲವನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು.

"ಅರ್ಥ, ಕ್ಲೆಮ್," ಎಂದರು ಮಿಸೆಸ್ ಪಾಲ್ಕಿಂಗ್‌ಹಾರ್ನ್.

ಕ್ಲೆಮ್ ಬಾಗಿಲನ್ನು ನೋಡಿದ. ಚಿಲಕ ಆಗಲೇ ಖರ್ಚಾಗಿತ್ತು. ಕಿಟಕಿಯಾಚೆ ಯಾರದೋ ಹೊಲದಲ್ಲಿ ಒಂದು ಕುರಿ ನಿಂತಿತ್ತು.

"ಕ್ವಾಲಂಡನ್," ಎಂದ. "ಕುರಿಗಳಿಗೆ ಬರೋ ರೋಗ. ಗೊರಸಿನ ಸಂದಿಯಲ್ಲಿ ಶುರುವಾಗುತ್ತೆ. ಕುರಿ ಮೂರು ಕಾಲ ಮೇಲೆ ನಿಲ್ಲುತ್ತೆ." ಜನ ಇನ್ನೂ ನೋಡುತ್ತಿದ್ದದ್ದರಿಂದ, "ಬಲು ಬೇಗ ಹರಡುತ್ತೆ," ಎಂದೂ ಸೇರಿಸಿದ.

ಹರಡಿತು. ಸೋಮವಾರ ಪತ್ರಿಕೆ ಬಂತು. ಮಂಗಳವಾರ ವಿನಿಯ ತಮ್ಮ ಲ್ಯಾನ್ಸ್ ಪಾಸ್ಕೋ ತನ್ನ ಹೊಲದಲ್ಲಿ ನಿಂತು ಅದನ್ನು ಓದಿ, ತಲೆಯೆತ್ತಿ ನೋಡಿದರೆ, ಅವನ ಬಹುಮಾನದ ಟಗರು ಬ್ರಿಗೇಡಿಯರ್ ಮೂರು ಕಾಲ ಮೇಲೆ ನಿಂತಿತ್ತು. ಅದರ ಆಚೆ ಎರಡು ಕುರಿಗಳು ಹಾಗೆಯೇ. ಲ್ಯಾನ್ಸ್ ಪತ್ರಿಕೆಯನ್ನು ಮಡಚಿ ಜೇಬಿಗಿಟ್ಟು ಸರ್ಕಾರಕ್ಕೆ ಫೋನು ಮಾಡಿದ.

ಸರ್ಕಾರದ ಪರವಾಗಿ ಬಂದವಳು ನೆರಿಡಾ ಕ್ಲಾಸನ್ ಎಂಬ ಜಾನುವಾರು ಇನ್‌ಸ್ಪೆಕ್ಟರು. ಕೆಲಸಕ್ಕೆ ಸೇರಿ ಆರು ವಾರ. ಅವಳ ಜೀಪಿನಲ್ಲಿ ಎರಡಿಂಚು ದಪ್ಪದ ರೋಗಗಳ ಪುಸ್ತಕವಿತ್ತು. ಅದರಲ್ಲಿ ಈ ರೋಗ ಇರಲಿಲ್ಲ. ತನ್ನದು ಹಳೆಯ ಮುದ್ರಣವಿರಬೇಕು ಎಂದುಕೊಂಡು ಅವಳು ಪುಸ್ತಕ ಮುಚ್ಚಿದಳು. ಲ್ಯಾನ್ಸ್ ಕೇಳಿದಾಗ, ಕ್ವಾಲಂಡನ್ ಕಾಲೇಜಿನಲ್ಲಿ ಓದಿದ ನೆನಪಿದೆ, ಆದರೆ ಕಣ್ಣಾರೆ ನೋಡುವುದು ಇದೇ ಮೊದಲು ಎಂದಳು. ಎರಡನೆಯ ಭಾಗ ಪೂರ್ತಿ ನಿಜ.

ಅವಳ ವರದಿ ರಾಜಧಾನಿಗೆ ಹೋಯಿತು. ಅಲ್ಲಿನ ಅಧಿಕಾರಿಗಳೂ ತಮ್ಮ ಪುಸ್ತಕ ನೋಡಿದರು, ಅವರೂ ಮುಚ್ಚಿದರು. ಮೂರನೆಯ ದಿನ ಉತ್ತರ ಬಂತು. ಇಲಾಖೆಯು ಈ ರೋಗವನ್ನು ಕೆಲವು ಕಾಲದಿಂದ ಗಮನಿಸುತ್ತಲೇ ಇದೆ. ಸೋಂಕು ತಗುಲಿದ ಮೂರು ಪ್ರಾಣಿಗಳನ್ನು ಮುಂದಿನ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕೊಲ್ಲತಕ್ಕದ್ದು. ಉಳಿದ ಮಂದೆ ತೊಂಬತ್ತು ದಿನ ಗೇಟು ದಾಟತಕ್ಕದ್ದಲ್ಲ. ಸ್ಥಳೀಯ ತಜ್ಞರು ಯಾರಾದರೂ ಇದ್ದರೆ ಅವರನ್ನೂ ಕರೆಸಿಕೊಳ್ಳತಕ್ಕದ್ದು.

ಸ್ಥಳೀಯ ತಜ್ಞನಿಗೆ ಲ್ಯಾನ್ಸ್ ತಾನೇ ಬಂದು ಹೇಳಿದ. ಅಡುಗೆಮನೆಯ ಮೇಜಿಗೆ ಮೊಣಕೈಯೂರಿ ಕೂತಿದ್ದ. ಬ್ರಿಗೇಡಿಯರ್‌ನನ್ನು ಅವನು ಬಾಟಲಿ ಹಾಲು ಕುಡಿಸಿ ಬೆಳೆಸಿದ್ದ. "ನೀನು ಇರ್ಬೇಕು ಕಣೋ ಕ್ಲೆಮ್, ಶುಕ್ರವಾರ," ಎಂದ. "ನಿಂಗಾದ್ರೂ ಆ ಕಾಯಿಲೆ ಏನಂತ ಗೊತ್ತು." ವಿನಿ ತಮ್ಮನ ಮುಂದೆ ತಟ್ಟೆಯಿಟ್ಟು, ಕ್ಲೆಮ್ ಬಂದೇ ಬರುತ್ತಾನೆ, ಏನಾದರೂ ದಾರಿಯಿದ್ದರೆ ಕ್ಲೆಮ್‌ಗೇ ಗೊತ್ತಿರುತ್ತದೆ ಎಂದು ಗಂಡನ ಪರವಾಗಿ ಮಾತು ಕೊಟ್ಟಳು.

ಕ್ಲೆಮ್ ಬುಧವಾರ ರಜೆ ಹಾಕಿ ರಾಜಧಾನಿ ಅಡಿಲೇಡಿಗೆ ಹೋದ. ಹೋಗುವಾಗ ಎರಡು ಸಲ ದಾರಿ ತಪ್ಪಿದ. ದೊಡ್ಡ ಗ್ರಂಥಾಲಯದಲ್ಲಿ ದೊಡ್ಡ ನಿಘಂಟಿಗೆ ಅದರದೇ ಒಂದು ಮೇಜು ಇತ್ತು. ಕ್ಯೂ ಬಂದದ್ದೇ ಅವನು ಟೊಪ್ಪಿ ತೆಗೆದು ನಿಂತು ಓದಿದ. ನಿಜಕ್ಕೂ ಒಂದು ರೋಗವೇ ಆಗಿರಲಿ ಎಂದು, ಕುರಿಗಲ್ಲದಿದ್ದರೆ ಹೋಗಲಿ ದನಕ್ಕೆ ಬರುವ ರೋಗವಾದರೂ ಆಗಿರಲಿ ಎಂದು, ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದ.

ಉಚ್ಚಾರ ಕಲಮ್‌ದಾನ್. ಪರ್ಷಿಯಾ ದೇಶದಲ್ಲಿ ಲೇಖನಿ ಇಡುವ ಪೆಟ್ಟಿಗೆ.

ಇನ್ನೊಮ್ಮೆ ಓದಿದ. ಪೆಟ್ಟಿಗೆಯೇ. ಅಷ್ಟು ದೂರ ಬಂದದ್ದಾಗಿದೆಯಲ್ಲ ಎಂದು ಎಫ್ ಅಕ್ಷರಕ್ಕೂ ಹೋದ. ಫಕೀರ್: ಭಿಕ್ಷೆ ಬೇಡಿ ಬದುಕುವ ಸಾಧು. ಊರಿನ ಅರ್ಧ ಕೊಟ್ಟಿಗೆಗಳ ಬಾಗಿಲಿಗೆ ತಾನು ಸಾಧುಗಳನ್ನು ತಿರುಪು ಹೊಡೆಸಿ ಕೂರಿಸಿದ್ದೇನೆ ಎಂದು ಕ್ಲೆಮ್‌ಗೆ ಆಗ ಗೊತ್ತಾಯಿತು. ಆರಿಂಚಿನವು, ಒಂಬತ್ತಿಂಚಿನವು.

ಮನೆಗೆ ಬಂದಾಗ ವಿನಿ ಅವನ ಕಪ್ಪು ಕೋಟಿಗೆ ಕ್ಲಬ್ಬಿನ ಗುರುತಿನ ಬಟ್ಟೆಬಿಲ್ಲೆ ಹೊಲಿಯುತ್ತಿದ್ದಳು. ಪಂದ್ಯದ ದಿನ ಹಾಕಿಕೊಳ್ಳಲು ಎಂದಳು. ಬಿಲ್ಲೆ ನೆಟ್ಟಗಿದೆಯೇ ಎಂದು ಎರಡು ಸಲ ಕೇಳಿದಳು. ನೆಟ್ಟಗಿದೆ ಎಂದ ಕ್ಲೆಮ್. ಅದೊಂದೇ ಆ ದಿನ ಅವನು ಖಚಿತವಾಗಿ ಹೇಳಬಲ್ಲ ಸಂಗತಿಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಲ್ಯಾನ್ಸ್‌ನ ಕುರಿದೊಡ್ಡಿಯ ಮುಂದೆ ಊರಿನ ಬಹುಪಾಲು ನೆರೆದಿತ್ತು. ಮಿಸೆಸ್ ಪಾಲ್ಕಿಂಗ್‌ಹಾರ್ನ್ ಹಸಿರು ಪುಸ್ತಕ ಸಮೇತ ಬಂದಿದ್ದರು. ವಿನಿ ಬುಟ್ಟಿ ತುಂಬ ಪಾಸ್ಟಿ ಎಂಬ ಕಡುಬು ಸುಟ್ಟು ತಂದಿದ್ದಳು. ತಜ್ಞನ ಹೆಂಡತಿ ಬರಿಗೈಲಿ ಬರಲಾಗುತ್ತದೆಯೇ? ಮುದುಕ ರೈತ ಹರ್ಬಿ ರೋಡ ಬೇಲಿಗೊರಗಿ, ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ತನ್ನ ಮಂದೆಗೆ ಕ್ವಾಲಂಡನ್ ಬಂದು ಹನ್ನೊಂದು ಕುರಿ ಹೋದವು ಎಂದು ಸುತ್ತಲಿನವರಿಗೆ ವಿವರಿಸುತ್ತಿದ್ದ. ಅದರದೊಂದು ವಾಸನೆ ಇರುತ್ತದೆಯಂತೆ. ಇಬ್ಬರು ಮೂಗೆತ್ತಿ ನೋಡಿ ಹೌದು ಎಂದರು.

ನೆರಿಡಾ ಕ್ಲಾಸನ್ ಜೀಪಿನಿಂದ ಬಂದೂಕಿನ ಚೀಲ ಇಳಿಸಿದಳು. ಕ್ಲೆಮ್ ಮುಂದೆ ಬಂದ. ಟೊಪ್ಪಿ ತೆಗೆದ. ಹೆಂಡತಿಯತ್ತ ನೋಡಬಾರದೆಂದುಕೊಂಡು ನೋಡಿದ.

"ಮೇಡಂ, ಅದು ರೋಗ ಅಲ್ಲ," ಎಂದ. "ಪೆನ್ನಿನ ಡಬ್ಬಿ."

ಯಾರಿಗೂ ಅರ್ಥವಾಗಲಿಲ್ಲ. ಅವನು ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳಿದ. ಆ ಪದ ಬಾಯಿಪಾಠ ಮಾಡಿದ್ದು ನಿಜ, ಅರ್ಥ ಗೊತ್ತಿರಲಿಲ್ಲ, ಎದುರಿಗೆ ಕುರಿ ಕಂಡಿತು, ಕುರಿಯ ರೋಗ ಎಂದುಬಿಟ್ಟೆ. ಫೇಕರ್ ಕೂಡ ಚಿಲಕವಲ್ಲ. ಉಳಿದ ಮೂವತ್ತನಾಲ್ಕು ಪದಗಳ ಅರ್ಥವೂ ನನಗೆ ಗೊತ್ತಿಲ್ಲ ಎಂದ.

ಲ್ಯಾನ್ಸ್ ನಿಧಾನವಾಗಿ ಬಂದು ಅವನೆದುರು ನಿಂತ. "ನನ್ನ ಟಗರಿಗೆ ಪೆನ್ನಿನ ಡಬ್ಬಿ ಆಗಿದೆ ಅಂತೀಯಾ?"

"ಏನೂ ಆಗಿಲ್ಲ ಅಂತೀನಿ."

"ಮೂರು ಕಾಲಲ್ಲಿ ನಿಂತಿದೆಯಲ್ಲೋ."

"ಅದ್ಯಾಕೋ ನಂಗೊತ್ತಿಲ್ಲ."

ಹರ್ಬಿ ರೋಡ ಸಿಟ್ಟಾದ. ಹಾಗಾದರೆ ತನ್ನ ಹನ್ನೊಂದು ಕುರಿ ಸತ್ತದ್ದು ಯಾವುದರಿಂದ, ಪೆನ್ನಿನ ಡಬ್ಬಿಯಿಂದಲೇ ಎಂದು ಕೇಳಿದ. ನೆರಿಡಾ ಕ್ಲಾಸನ್ ಇಲಾಖೆಯ ಪತ್ರವನ್ನು ಎತ್ತಿ ತೋರಿಸಿದಳು. "ಟ್ರೆವಾರ್ತಾ ಅವರೇ, ಇಲ್ಲಿ ಸಹಿ ಇದೆ, ಮೊಹರು ಇದೆ. ಇಲಾಖೆ ಇದನ್ನ ಗಮನಿಸ್ತಾನೇ ಇದೆ. ನಿಮಗೆ ಗೊತ್ತಿಲ್ಲ ಅಂದ್ರೆ ರೋಗ ಇಲ್ಲ ಅಂತ ಆಗುತ್ತಾ?" ಜನ ತಲೆದೂಗಿದರು. ತಜ್ಞನಾಗಿದ್ದಾಗ ನಂಬಿದ್ದ ಅದೇ ಜನ, ಪೆದ್ದನಾದ ಕೂಡಲೇ ನಂಬುವುದನ್ನು ನಿಲ್ಲಿಸಿದರು. ಗಡಿಯಾರ ಹತ್ತಕ್ಕೆ ಎರಡು ನಿಮಿಷ ತೋರಿಸುತ್ತಿತ್ತು.

ಕ್ಲೆಮ್ ದೊಡ್ಡಿಯೊಳಗೆ ಹೋದ. ನೂರು ಕಿಲೋ ತೂಗುವ ಬ್ರಿಗೇಡಿಯರ್‌ನನ್ನು ಎದೆಗೆ ಅಪ್ಪಿ, ಹಿಂದಕ್ಕೆ ಎಳೆದು, ತಾನೂ ಬಿದ್ದು, ಅದನ್ನೂ ಬೀಳಿಸಿದ. ಧೂಳಿನಲ್ಲಿ ಯಾವುದು ಕ್ಲೆಮ್ ಯಾವುದು ಟಗರು ಎಂದು ಸ್ವಲ್ಪ ಹೊತ್ತು ಗುರುತು ಸಿಗಲಿಲ್ಲ. ಆಮೇಲೆ ಒಂದು ಗೊರಸು ಮೇಲೆ ಬಂತು. ಕ್ಲೆಮ್ ಸಂದಿಗೆ ಬೆರಳು ಹಾಕಿ ಎಳೆದ. ಬಾರ್ಲಿ ಹುಲ್ಲಿನ ಮುಳ್ಳು, ಹೆಬ್ಬೆರಳಿನ ಉದ್ದ. ಅವನು ಅದನ್ನು ಎತ್ತಿ ಹಿಡಿದ. ಬ್ರಿಗೇಡಿಯರ್ ಎದ್ದು, ನಾಲ್ಕೂ ಕಾಲೂರಿ ನಡೆದುಹೋಗಿ, ವಿನಿಯ ಬುಟ್ಟಿಗೆ ಮೂತಿ ಹಾಕಿತು.

ಉಳಿದ ಎರಡು ಕುರಿಗಳ ಮುಳ್ಳನ್ನು ಲ್ಯಾನ್ಸ್‌ನೇ ತೆಗೆದ. ನಡುವೆ ಒಂದು ಸಲ ಕ್ಲೆಮ್‌ನತ್ತ ತಿರುಗಿ, ಬಾಯಿ ತುಂಬ ಬೈದು, ಕೊನೆಗೆ ಅವನ ಬೆನ್ನಿನ ಧೂಳು ಕೊಡವಿದ.

ಈಗ ಬೆವರುವ ಸರದಿ ನೆರಿಡಾಳದು. ರೋಗ ಇರಲೇ ಇಲ್ಲ ಎಂದು ಬರೆದರೆ, ಅದನ್ನು ಗಮನಿಸುತ್ತಿದ್ದ ಇಲಾಖೆಯ ಗತಿಯೇನು? ಅವಳು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿ ಪೆನ್ನು ಕಚ್ಚುತ್ತ ನಿಂತಳು. ಕೊನೆಗೆ ಬರೆದದ್ದು ಇಷ್ಟು: ಸ್ಥಳೀಯ ತಜ್ಞರ ಸಕಾಲಿಕ ಚಿಕಿತ್ಸೆಯಿಂದ ಮೂರೂ ಪ್ರಾಣಿಗಳು ಗುಣಮುಖ. ಗೇಟು ತೆರೆಯಲು ಅಡ್ಡಿಯಿಲ್ಲ.

ಮಿಸೆಸ್ ಪಾಲ್ಕಿಂಗ್‌ಹಾರ್ನ್ ಹಸಿರು ಪುಸ್ತಕ ತೆರೆದು ಎರಡು ಸಾಲು ಹೊಡೆದುಹಾಕಿದರು. ನೂರಹತ್ತು ಅಂಕ ಅಂಕವೇ, ಪದ ಪಟ್ಟಿಯಲ್ಲಿದೆ ಎಂದರು. ಆದರೆ ನಿಯಮ ನಿಯಮವೇ. ಮುಂದಿನ ವರ್ಷದವರೆಗೆ ಕ್ಲೆಮ್ ಹಲಗೆ ಮುಟ್ಟುವಂತಿಲ್ಲ, ಕಪ್ಪಿಗೆ ಬೇರೊಬ್ಬರು ಹೋಗಬೇಕು. ಕ್ಲೆಮ್ ಸರಿ ಎಂದ. ಅವರು ಅವನನ್ನು ಒಂದು ಕ್ಷಣ ನೋಡಿ, ನಲವತ್ತೈದು ವರ್ಷದ ಹಿಂದೆ ತರಗತಿಯಲ್ಲಿ ನೋಡುತ್ತಿದ್ದ ಹಾಗೆಯೇ ನೋಡಿ, "ಗೊತ್ತಿಲ್ಲ ಅನ್ನೋಕೆ ಆಗಲೇ ಹೇಳ್ಕೊಟ್ಟಿದ್ದೆ ನಿಂಗೆ," ಎಂದರು.

ಮನೆಗೆ ಹೋಗುವಾಗ ಖಾಲಿ ಬುಟ್ಟಿ ವಿನಿಯ ಮಡಿಲಲ್ಲಿತ್ತು. ಕ್ಲೆಮ್ ರಸ್ತೆಯನ್ನೇ ನೋಡುತ್ತ ಕಾರು ಓಡಿಸಿದ. ಸೋಮವಾರ ಮಾಂಸದಂಗಡಿಯಲ್ಲಿ ಅವಳು ಮತ್ತೆ ಸಾಲಿನ ಹಿಂದೆ ನಿಲ್ಲಬೇಕು. ಕೋಟಿನ ಬಿಲ್ಲೆಯ ಹೊಲಿಗೆ ಬಿಚ್ಚಬೇಕು. ಅವನಿಗೆ ತಿರುವು ತಪ್ಪಿತು. ಕಾರನ್ನು ಹಿಂದಕ್ಕೆ ತೆಗೆಯಬೇಕಾಯಿತು.

"ಬೇಜಾರಾಯ್ತಾ?" ಎಂದು ಕೇಳಿದ.

ವಿನಿ ಬುಟ್ಟಿಯ ತಳದ ಚೂರುಗಳನ್ನು ಕಿಟಕಿಯಾಚೆ ಕೊಡವಿದಳು.

"ಬೇರೆಯವರ ಗಂಡಂದಿರಿಗೆ ತಮಗೆ ಬಂದಿರೋ ರೋಗದ ಹೆಸರೇ ನೆನಪಿರಲ್ಲ," ಎಂದಳು. "ನೀನು ಸರ್ಕಾರಕ್ಕೇ ಒಂದು ರೋಗ ಅಂಟಿಸಿದೆ. ಅದನ್ನ ನೀನೇ ವಾಸಿ ಮಾಡ್ದೆ. ಹರ್ಬಿ ರೋಡನ ಹೆಂಡ್ತಿಗೆ ಹೇಳ್ಕೊಳ್ಳೋಕೆ ಏನಿದೆ? ಹನ್ನೊಂದು ಸತ್ತ ಕುರಿ."

ಸೋಮವಾರ ಅವಳು ಮಾಂಸದಂಗಡಿಗೆ ಹೋದಳು, ಯಾರೂ ಕರೆಯದಿದ್ದರೂ ಸಾಲಿನ ಮುಂದೆ ಹೋಗಿ ನಿಂತಳು. ಯಾರೂ ತಕರಾರು ಎತ್ತಲಿಲ್ಲ.

ಇಲಾಖೆಯ ಎರಡನೆಯ ಪತ್ರ ಊರಿನ ಕೌನ್ಸಿಲ್ಲಿಗೆ ಬಂದದ್ದು ನವೆಂಬರಿನಲ್ಲಿ, ಕಪ್ಪಿನ ಮೊದಲ ಸುತ್ತಿನಲ್ಲೇ ಪೋಲ್ಗಾರಾ ಸೋತು ಬಂದ ವಾರ. ಊರು ತಲೆ ತಗ್ಗಿಸಿಕೊಂಡಿದ್ದ ಹೊತ್ತು ಅದು. ಪತ್ರದಲ್ಲಿ ಅಭಿನಂದನೆ ಇತ್ತು. ಕೌನ್ಸಿಲ್ಲಿನವರು ಕೂತು ಚರ್ಚಿಸಿದರು. ನಿಜಸಂಗತಿ ಎಲ್ಲರಿಗೂ ಗೊತ್ತಿತ್ತು. ಆದರೂ ಸರ್ಕಾರ ತಾನಾಗಿ ಕೊಟ್ಟ ಮರ್ಯಾದೆಯನ್ನು ಹಿಂದಿರುಗಿಸುವುದು ಸೌಜನ್ಯವಲ್ಲ ಎಂದು ಒಮ್ಮತಕ್ಕೆ ಬಂದರು. ಹೆದ್ದಾರಿಯಿಂದ ಊರಿಗೆ ತಿರುಗುವಲ್ಲಿ ಹಸಿರು ಬಣ್ಣದ ದೊಡ್ಡ ಫಲಕ ಎದ್ದಿತು: ಪೋಲ್ಗಾರಾಕ್ಕೆ ಸ್ವಾಗತ. ರಾಜ್ಯದ ಮೊದಲ ಕ್ವಾಲಂಡನ್ ಮುಕ್ತ ಊರು.

ಪಕ್ಕದೂರಿನವರು ಹೊಟ್ಟೆಕಿಚ್ಚಿನಿಂದ, ತಮ್ಮದನ್ನು ಯಾವಾಗ ಘೋಷಿಸುತ್ತೀರಿ ಎಂದು ಇಲಾಖೆಗೆ ಅರ್ಜಿ ಹಾಕಿದರಂತೆ. ಮೊದಲು ಅಲ್ಲಿ ರೋಗ ಕಾಣಿಸಿಕೊಳ್ಳಬೇಕು ಎಂದು ಉತ್ತರ ಬಂತಂತೆ.

ಫಲಕ ನೆಟ್ಟ ಭಾನುವಾರ ವಿನಿ ಕ್ಲೆಮ್‌ಗೆ ಕಪ್ಪು ಕೋಟು ತೊಡಿಸಿ ಅಲ್ಲಿಗೆ ಕರೆದುಕೊಂಡು ಹೋದಳು. ಲ್ಯಾನ್ಸ್‌ನಿಂದ ಕ್ಯಾಮೆರಾ ಎರವಲು ತಂದಿದ್ದಳು. ಕಂಬದ ಪಕ್ಕ ನಿಲ್ಲಿಸಿ, ಹಿಂದೆ ಹಿಂದೆ ಸರಿಯುತ್ತ ಹೋಗಿ, ಒಂದು ಕಣ್ಣು ಮುಚ್ಚಿದಳು.

"ನನ್ನ ಹೆಸರೇ ಇಲ್ವಲ್ಲ ವಿನಿ ಇದರಲ್ಲಿ," ಎಂದ ಕ್ಲೆಮ್.

"ಹೆಸರು ಹಾಕಿದ್ರೆ ಯಾರು ಅಂತ ಕೇಳೋರು ಇರಲ್ಲ," ಎಂದಳು ವಿನಿ. "ಈಗ ಎಲ್ರೂ ಕೇಳ್ತಾರೆ, ನಾನು ಹೇಳ್ತೀನಿ. ನೆಟ್ಟಗೆ ನಿಲ್ಲು."